ಕೊಡಿ ಇಲ್ಲಿ, ನಾನೇ ಮಾಡ್ತೇನೆ

ನನ್ನ ಸೋದರಮಾವ ಮುಂಬಯಿಗೆ ಬಂದದ್ದು 1969ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಬೆಳಿಗ್ಗೆ ಐದಕ್ಕೆ ಏಳಬೇಕು, ಸಂಜೆ ಆರಕ್ಕೆ ಧಣಿಗಳು ಬಿಡುತ್ತಿದ್ದರು, ಅಲ್ಲಿಂದ ನೇರ ರಾತ್ರಿ ಶಾಲೆಗೆ. ಆರು ವರ್ಷ ಹೀಗೆ ಓದಿ ಎಸ್ಸೆಸ್ಸಿ ಪಾಸು ಮಾಡಿದರು. ಆ ಬಲದ ಮೇಲೆ ಗಲ್ಲೆಯಲ್ಲಿ ಕೂತರು. ಕೂತವರು ಮೂವತ್ತು ವರ್ಷ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ವೈಟರುಗಳು ನಾಲ್ಕು ಕಡೆಯಿಂದ ಬಿಲ್ಲು ಕೂಗಿದರೂ ಒಂದು ರೂಪಾಯಿ ಆಚೀಚೆ ಆಗದಂತೆ ಬಾಯಿಲೆಕ್ಕ ಮಾಡುವ ಮನುಷ್ಯ.

ಈ ಮನುಷ್ಯ 2022ರ ಮಳೆಗಾಲದ ಒಂದು ಸಂಜೆ, ಡೊಂಬಿವಲಿಯ ತಮ್ಮ ಮನೆಯ ಹಾಲಿನಲ್ಲಿ ಕೂತು, ಹದಿನೈದು ನಿಮಿಷದಲ್ಲಿ 62,000 ರೂಪಾಯಿ ಕಳೆದುಕೊಂಡರು. ‘ಹಿಂದಿನ ತಿಂಗಳ ಬಿಲ್ಲು ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟು ಕಟ್, ಕೂಡಲೇ ಈ ನಂಬರಿಗೆ ಫೋನು ಮಾಡಿ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಮಾವ ಬಿಲ್ಲು ಬಾಕಿ ಇಡುವವರೇ ಅಲ್ಲ, ಅದಕ್ಕೇ ಗಾಬರಿಬಿದ್ದರು. ಫೋನು ಮಾಡಿದರು. ಆಚೆಯವನು ಒಂದು ಆಪ್ ಹಾಕಿಸಿದ, ಹತ್ತು ರೂಪಾಯಿ ಕಟ್ಟಿ, ಸಾಕು ಅಂದ. ಮಾವ ಕಾರ್ಡಿನ ನಂಬರು ಒತ್ತಿದರು. ಆ ಆಪ್ ಇವರ ಫೋನಿನ ಪರದೆಯನ್ನು ಹಾಗೆಹಾಗೇ ಅವನಿಗೆ ತೋರಿಸುತ್ತಿತ್ತು. ಓಟಿಪಿ ಬಂದದ್ದು ಇವರಿಗಿಂತ ಮೊದಲು ಅವನಿಗೆ ಕಂಡಿತು.

ನಾನು ಐರೋಲಿಯಲ್ಲಿ ಆಫೀಸು ಮುಗಿಸಿ ಅಲ್ಲಿಗೆ ತಲುಪುವಾಗ ರಾತ್ರಿ ಹತ್ತು ದಾಟಿತ್ತು. ಮನೆ ತುಂಬ ಜನ, ಎಲ್ಲರದ್ದೂ ಒಂದೇ ಮಾತು: “ಈ ಪ್ರಾಯದಲ್ಲಿ ಇವರಿಗೆ ಇದೆಲ್ಲ ಎಂತಕ್ಕೆ ಬೇಕಿತ್ತು?” ಸಾಫ್ಟ್‌ವೇರಿನಲ್ಲಿ ಹದಿನಾಲ್ಕು ವರ್ಷ ಸವೆಸಿದ ನನಗೆ 1930 ಎಂಬ ಸಹಾಯವಾಣಿ ಇದೆ, ಹಣ ಹೋದ ತಕ್ಷಣ ಅಲ್ಲಿಗೆ ಫೋನು ಮಾಡಿದರೆ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇದೆ ಎಂಬುದು ಆ ರಾತ್ರಿ ಗೊತ್ತಿರಲಿಲ್ಲ. ಮಾರನೆಯ ದಿನ ಬ್ಯಾಂಕಿಗೆ ಹೋದೆವು. ಹೊತ್ತು ಮೀರಿತ್ತು. ಮಾವ ಸ್ಮಾರ್ಟ್‌ಫೋನನ್ನು ಮಗನ ಕೈಗೆ ಕೊಟ್ಟು ಹಳೆಯ ಬಟನ್ ಫೋನಿಗೆ ಮರಳಿದರು. ನಾಲ್ಕು ತಿಂಗಳು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ತಪ್ಪು ಮಾವನದ್ದಲ್ಲ. 2020ರ ಲಾಕ್‌ಡೌನಿನಲ್ಲಿ ಆ ಫೋನನ್ನು ಅವರ ಕೈಗೆ ಕೊಟ್ಟವಳು ನಾನು. ಆಪ್‌ಗಳನ್ನು ಹಾಕಿದ್ದು ನಾನು, ಪಿನ್ ಇಟ್ಟದ್ದೂ ನಾನು, ಅದೂ ಅವರು ಹುಟ್ಟಿದ ಇಸವಿ. ಅವರು ಎಷ್ಟು ಸಲ ಕೇಳಿದ್ದರು, “ಇದು ಎಂತದು, ಒಂಚೂರು ತೋರಿಸು ಮಾರಾಯ್ತಿ” ಎಂದು. ಪ್ರತಿ ಸಲವೂ ನಾನು ಫೋನು ಕಸಿದುಕೊಂಡು, “ಕೊಡಿ ಇಲ್ಲಿ, ನಾನೇ ಮಾಡ್ತೇನೆ” ಅಂದಿದ್ದೆ. ನಾಲ್ಕು ಸೆಕೆಂಡಿನ ಕೆಲಸ. ಕಲಿಸಲು ಕೂತರೆ ನಲವತ್ತು ನಿಮಿಷ. ನನಗೆ ಆ ನಲವತ್ತು ನಿಮಿಷ ಇರಲಿಲ್ಲ.

ಈ ಪತ್ರಿಕೆ ಓದುವ ನಿಮ್ಮಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಪವಾಯಿ, ಐರೋಲಿ, ಬಿಕೆಸಿಗಳಲ್ಲಿ ಕಂಪ್ಯೂಟರಿನ ಮುಂದೆ ಅನ್ನ ಸಂಪಾದಿಸುವವರು, ಇಲ್ಲವೇ ಅದಕ್ಕಾಗಿ ಓದುತ್ತಿರುವವರು. ಎದೆ ಮುಟ್ಟಿಕೊಂಡು ಹೇಳಿ, ಊರಲ್ಲಿರುವ ಅಪ್ಪನಿಗೋ ಇಲ್ಲಿರುವ ಅತ್ತೆಗೋ ನೀವು ಕೊನೆಯ ಸಲ ಏನನ್ನಾದರೂ ಪೂರ್ತಿ ಕಲಿಸಿದ್ದು ಯಾವಾಗ? ಮಾಡಿಕೊಡುವುದನ್ನು ನಾವು ಪ್ರೀತಿ ಎಂದುಕೊಂಡಿದ್ದೇವೆ. ಅದು ಸಮಯ ಉಳಿಸುವ ಉಪಾಯ, ಅಷ್ಟೆ.

ನಮ್ಮ ಹಿರಿಯರು ಹೀಗಿರಲಿಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಈ ನಗರದ ಕನ್ನಡಿಗರ, ತುಳುವರ ಸಂಘಗಳ ಇತಿಹಾಸವನ್ನು ಸುಮ್ಮನೆ ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮೈಸೂರು ಅಸೋಸಿಯೇಷನ್ 1926, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಷನ್ 1932, ಕರ್ನಾಟಕ ಸಂಘ 1933. ಇವುಗಳಲ್ಲಿ ಹಲವು ಹುಟ್ಟಿದ್ದೇ ಊರಿನಿಂದ ಬಂದ ಹುಡುಗರ ಗತಿ ಏನು ಎಂಬ ಚಿಂತೆಯಿಂದ. ಮೊಗವೀರ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮತ್ತು ಫೋರ್ಟಿನ ಸುತ್ತಮುತ್ತ ಕನ್ನಡ ಮಾಧ್ಯಮದಲ್ಲಿ ನಡೆದ ಇಂಥವೇ ಇನ್ನಷ್ಟು ಶಾಲೆಗಳು ಕಪ್ಪುಬಸಿ ತೊಳೆಯುವ ಹುಡುಗರನ್ನು ಗುಮಾಸ್ತರನ್ನಾಗಿ, ಬ್ಯಾಂಕಿನವರನ್ನಾಗಿ, ವಕೀಲರನ್ನಾಗಿ, ಹೋಟೆಲಿನ ಒಡೆಯರನ್ನಾಗಿ ಮಾಡಿದವು. ಹಗಲು ಬೇರೆ ಮಕ್ಕಳು ಓದುವ ಶಾಲೆಯ ಬೆಂಚಿನಲ್ಲೇ ರಾತ್ರಿ ಇವರ ಪಾಠ. ಮೇಷ್ಟ್ರುಗಳು ಹಗಲು ಎಲ್ಲೋ ನೌಕರಿ ಮಾಡಿ ಸುಸ್ತಾಗಿ ಬರುತ್ತಿದ್ದವರು. ಮಾವ ಇವತ್ತಿಗೂ ಹೇಳುವುದುಂಟು: ತೂಕಡಿಸಿದವನಿಗೆ ಅವರ ಇಂಗ್ಲಿಷ್ ಮಾಸ್ತರರು ಹೊಡೆಯುತ್ತಿರಲಿಲ್ಲ, ಮುಖ ತೊಳೆದು ಬಾ ಎನ್ನುತ್ತಿದ್ದರಂತೆ.

ಆ ಕಾಲಕ್ಕೆ ಅಕ್ಷರವೇ ತಂತ್ರಜ್ಞಾನ. ಮನಿಯಾರ್ಡರ್ ಫಾರಂ ತುಂಬುವುದು, ಬಸ್ಸಿನ ಬೋರ್ಡು ಓದುವುದು, ಮಾಲೀಕ ಬರೆದ ಲೆಕ್ಕ ಸರಿಯಿದೆಯೇ ಎಂದು ನೋಡುವುದು. ಗೊತ್ತಿಲ್ಲದವನನ್ನು ಗೊತ್ತಿದ್ದವನು ಸುಲಿಯುತ್ತಿದ್ದ. ಈಗ ಅದೇ ಕೆಲಸ ಫೋನಿನ ಪರದೆಯ ಮೇಲೆ ನಡೆಯುತ್ತಿದೆ. ಅಂದು ಸಂಘದವರು “ನೀನು ಫಾರಂ ತಾ, ನಾನೇ ತುಂಬಿಕೊಡ್ತೇನೆ” ಎಂದಿದ್ದರೆ ಮಾವ ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತಿದ್ದರು.

ಇವತ್ತಿನ ನಮ್ಮ ಸಂಘಗಳು ಏನು ಮಾಡುತ್ತಿವೆ? ಬಂಟರ ಸಂಘ ಪವಾಯಿಯಲ್ಲಿ ಕಾಲೇಜು ನಡೆಸುತ್ತದೆ, ಬೇರೆಯವರದ್ದೂ ಶಾಲೆಗಳಿವೆ, ವಿದ್ಯಾರ್ಥಿವೇತನ ಕೊಡುತ್ತಾರೆ. ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತೆರಡು ದಾಟಿದ ಮನುಷ್ಯನಿಗೆ ಸಂಘದಲ್ಲಿ ಕಲಿಯಲು ಏನಿದೆ? ಅವನಿಗಿರುವುದು ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ವೇದಿಕೆಯ ಮೇಲೆ ಹದಿನೆಂಟು ಕುರ್ಚಿ. ನನಗೆ ಯಕ್ಷಗಾನದ ಮೇಲೆ ಸಿಟ್ಟಿಲ್ಲ, ಆಟ ಇದ್ದರೆ ಮೊದಲ ಸಾಲಿನಲ್ಲಿ ಕೂರುವವಳೇ ನಾನು. ಆದರೆ ತಿಂಗಳಿನ ನಾಲ್ಕು ಭಾನುವಾರದಲ್ಲಿ ಒಂದು ಭಾನುವಾರ ಆ ಸಭಾಂಗಣದ ಮೂಲೆಯೊಂದನ್ನು ಕೊಡಿ ಎಂದು ಒಂದು ಸಂಘದ ಪದಾಧಿಕಾರಿಯನ್ನು ಕೇಳಿದಾಗ ಸಿಕ್ಕಿದ ಉತ್ತರವನ್ನು ಇಲ್ಲಿ ಬರೆಯಲೇಬೇಕು. “ಅಮ್ಮಾ, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಉಂಟು. ಎಲ್ಲ ಯೂಟ್ಯೂಬಿನಲ್ಲಿ ಸಿಗ್ತದೆ. ಇದಕ್ಕೆ ಕ್ಲಾಸು ಯಾರಿಗೆ ಬೇಕು?”

ಅವರು ಆ ಮಾತು ಹೇಳುವಾಗ ಕೈಯಲ್ಲಿದ್ದ ಫೋನನ್ನು ಪಕ್ಕದಲ್ಲಿದ್ದ ಹುಡುಗನಿಗೆ ಕೊಟ್ಟು, ಆಮಂತ್ರಣ ಪತ್ರಿಕೆಯ ಪಿಡಿಎಫ್ ಕಳಿಸಲು ಹೇಳುತ್ತಿದ್ದರು.

ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದೆ, ನಿಜ. ಗ್ರಂಥಾಲಯದಲ್ಲೂ ಎಲ್ಲ ಸಿಗುತ್ತಿತ್ತು, ಆದರೂ ರಾತ್ರಿ ಶಾಲೆ ಬೇಕಾಯಿತು. ಹುಡುಕಬೇಕಾದರೆ ಏನನ್ನು ಹುಡುಕಬೇಕೆಂದು ಗೊತ್ತಿರಬೇಕು. ‘ಸ್ಕ್ರೀನ್ ಶೇರಿಂಗ್ ಎಂದರೇನು’ ಎಂದು ಹುಡುಕಲು ಮಾವನಿಗೆ ಸ್ಕ್ರೀನ್ ಶೇರಿಂಗ್ ಎಂಬುದೊಂದು ಇದೆ ಎಂದಾದರೂ ತಿಳಿದಿರಬೇಕಲ್ಲ? ಮೇಲಾಗಿ ವೀಡಿಯೊಗೆ ನಮ್ಮ ಮುಖ ಕಾಣುವುದಿಲ್ಲ. ಅರ್ಥವಾಗದೆ ತಲೆಯಾಡಿಸುವವರನ್ನು ಎದುರಿಗೆ ಕೂತವರು ಮಾತ್ರ ಹಿಡಿಯಬಲ್ಲರು.

ಇನ್ನು, ತರಬೇತಿ ಎಂದರೆ ಮುದುಕರಿಗೆ ಎಂಬ ತಿಳಿವಳಿಕೆಯೂ ತಪ್ಪು. 2021ರ ಮೇ 1ರಿಂದ 18ರಿಂದ 44ರ ವಯಸ್ಸಿನವರಿಗೆ ಕೋವಿಡ್ ಲಸಿಕೆ ಶುರುವಾಯಿತು. ಕೋವಿನ್ ಪೋರ್ಟಲಿನಲ್ಲಿ ಮೊದಲೇ ಹೆಸರು ಹಚ್ಚಬೇಕಿತ್ತು, ಸ್ಲಾಟುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಆ ಪೋರ್ಟಲಿಗೆ ಕನ್ನಡವೂ ಸೇರಿದಂತೆ ದೇಶಭಾಷೆಗಳು ಬಂದದ್ದು ಜೂನಿನಲ್ಲಿ. ಆಗ ಠಾಣೆಯ ಒಂದು ಹೋಟೆಲಿನ ಹನ್ನೊಂದು ಹುಡುಗರಿಗೆ ನಾನೇ ಕೂತು ಸ್ಲಾಟು ಹಿಡಿದೆ. ಎಲ್ಲರೂ ಇಪ್ಪತ್ತರಿಂದ ಮೂವತ್ತರೊಳಗಿನವರು, ಎಲ್ಲರ ಕೈಯಲ್ಲೂ ನನ್ನದಕ್ಕಿಂತ ಒಳ್ಳೆಯ ಫೋನು. ದಿನಕ್ಕೆ ಮೂರು ಗಂಟೆ ರೀಲು ನೋಡುವ ಆ ಕೈಗಳಿಗೆ ಒಂದು ಅರ್ಜಿ ತುಂಬುವುದು ಬರುತ್ತಿರಲಿಲ್ಲ. ಇಮೇಲ್ ವಿಳಾಸ ಇದ್ದವರು ಇಬ್ಬರೇ, ಆ ಇಬ್ಬರಿಗೂ ಪಾಸ್‌ವರ್ಡ್ ಗೊತ್ತಿಲ್ಲ, ಅಂಗಡಿಯವನು ಮಾಡಿಕೊಟ್ಟದ್ದು. ಅಲ್ಲೂ ಅದೇ ‘ಮಾಡಿಕೊಡುವುದು’! ಪರದೆ ಉಜ್ಜಲು ಬಂದರೆ ತಂತ್ರಜ್ಞಾನ ಬಂತು ಎಂದು ನಂಬಿ ನಾವು ಒಂದು ಪೀಳಿಗೆಯನ್ನೇ ಕೈಬಿಟ್ಟಿದ್ದೇವೆ. ಅವರಲ್ಲಿ ಒಬ್ಬನಿಗೆ ಎಕ್ಸೆಲ್ಲಿನಲ್ಲಿ ಕೂಡಿಸಿ ಕಳೆಯುವುದು ಬಂದಿದ್ದರೂ ಅವನು ಅಡುಗೆಮನೆಯಿಂದ ಸ್ಟೋರಿನ ಲೆಕ್ಕಕ್ಕೆ ಏರುತ್ತಿದ್ದ, ಮಾವ ಟೇಬಲಿನಿಂದ ಗಲ್ಲೆಗೆ ಏರಿದ ಹಾಗೆ.

ಓದಿದವರ ಕಥೆಯೂ ಏನು ಮಹಾ ಅಲ್ಲ. ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾನೆ. ಕನ್ನಡ ಕೀಲಿಮಣೆ ಕಷ್ಟವಂತೆ. ನಾವೆಲ್ಲ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಬಳಸುವ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟವರು ಕಿನ್ನಿಕಂಬಳದ ಕೆ. ಪಿ. ರಾವ್. ಅವರು ಇದೇ ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ನಮ್ಮ ಹಾಗೆ ಊರು ಬಿಟ್ಟು ಬಂದ ಒಬ್ಬರು ಕನ್ನಡಕ್ಕೆ ಬೆರಳು ಕೊಟ್ಟರು, ನಮ್ಮ ಮಕ್ಕಳಿಗೆ ಅದನ್ನು ಅರ್ಧ ಗಂಟೆ ಕೂತು ಕಲಿಸುವವರಿಲ್ಲ.

ಸರ್ಕಾರ ನೋಡಿಕೊಳ್ಳುತ್ತದೆ ಎನ್ನುವವರಿಗೆ ಒಂದು ಲೆಕ್ಕ. ಕೇಂದ್ರ ಸರ್ಕಾರ 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಶುರು ಮಾಡಿತು. 6 ಕೋಟಿ ಮನೆಗಳ ಗುರಿ, ಮನೆಗೆ ಒಬ್ಬರು, 20 ಗಂಟೆಯ ಪಾಠ. ಒಳ್ಳೆಯ ಯೋಜನೆಯೇ. ಆದರೆ ಹಳ್ಳಿಯವರಿಗೆ ಮಾತ್ರ, ಅದೂ 14ರಿಂದ 60 ವರ್ಷದೊಳಗಿನವರಿಗೆ. ಮಾವನ ಮಟ್ಟಿಗೆ ನೋಡಿ. ಹದಿನಾಲ್ಕಕ್ಕೆ ಅವರು ಹಳ್ಳಿ ಬಿಟ್ಟರು, ಯೋಜನೆ ಬರುವ ಹೊತ್ತಿಗೆ ಅರವತ್ತು ದಾಟಿದ್ದರು. ಅರವತ್ತರ ನಂತರವೇ ಪಿಂಚಣಿ, ಆಸ್ಪತ್ರೆ, ಬ್ಯಾಂಕಿನ ಎಫ್‌ಡಿ, ವಿದೇಶದ ಮಗನ ವೀಡಿಯೊ ಕರೆ, ಎಲ್ಲವೂ ಫೋನಿಗೆ ಬಂದು ನಿಲ್ಲುವುದು. ಆ ಬಾಗಿಲಲ್ಲೇ ತರಬೇತಿಯವರು ಕೈ ಅಡ್ಡ ಹಿಡಿದರು. ಮಹಾರಾಷ್ಟ್ರದಲ್ಲಿ ಎಂಎಸ್-ಸಿಐಟಿ ಎಂಬ ಕೋರ್ಸು ಗಲ್ಲಿಗಲ್ಲಿಗಳಲ್ಲಿ ಇದೆ, ಆದರೆ ಅದು ನೌಕರಿ ಬಯಸುವವರ ಸರ್ಟಿಫಿಕೇಟು. ನಮ್ಮ ಅತ್ತೆಯಂದಿರು ಆ ಬೆಂಚಿನ ಮೇಲೆ ಹೋಗಿ ಕೂರುವುದು ಕನಸಿನ ಮಾತು.

ಹಾಗಾದರೆ ಆಗದ ಕೆಲಸವೇ? ನೆರೆಯ ಕೇರಳ ಮಾಡಿ ತೋರಿಸಿದೆ. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಪಂಚಾಯಿತಿಯಲ್ಲಿ ಶುರುವಾದದ್ದು. ಉದ್ಯೋಗ ಖಾತ್ರಿಯ ಕೂಲಿ ಬಂತೋ ಇಲ್ಲವೋ ಎಂದು ನೋಡಲು ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಬ್ಯಾಂಕಿನಲ್ಲಿ ಸಾಲು ನಿಲ್ಲುವುದನ್ನು ಕಂಡವರು, ಅವರಿಗೆ ಫೋನಿನಲ್ಲೇ ಅದನ್ನು ನೋಡಲು ಕಲಿಸಿದರು. ವಿದ್ಯಾರ್ಥಿಗಳು, ಕುಟುಂಬಶ್ರೀಯ ಹೆಂಗಸರು ಮನೆಗೆ ಹೋಗಿ, ಕೆಲಸದ ಜಾಗಕ್ಕೆ ಹೋಗಿ ಕಲಿಸಿದರು. 2022ರಲ್ಲಿ ಆ ಪಂಚಾಯಿತಿ ಪೂರ್ತಿ ಡಿಜಿಟಲ್ ಸಾಕ್ಷರ ಎನಿಸಿತು, 2025ರ ಆಗಸ್ಟ್ 21ರಂದು ಇಡೀ ರಾಜ್ಯವೇ ಹಾಗೆಂದು ಘೋಷಿಸಿಕೊಂಡಿತು. ನೂರು ದಾಟಿದ ಒಬ್ಬ ಅಜ್ಜನೂ ಕಲಿತವರ ಸಾಲಿನಲ್ಲಿದ್ದರು. ಸರ್ಕಾರಿ ಘೋಷಣೆಯಲ್ಲಿ ಒಂದಿಷ್ಟು ಡೋಲು ಇದ್ದೇ ಇರುತ್ತದೆ, ಅದನ್ನು ಕಳೆದು ಉಳಿದದ್ದೂ ದೊಡ್ಡದೇ. ನಮ್ಮ ಕಾಸರಗೋಡೂ ಆ ರಾಜ್ಯದ ಜಿಲ್ಲೆಯೇ ಎಂಬುದು ನೆನಪಿರಲಿ.

ಜಪಾನಿನ ಮಸಾಕೊ ವಾಕಾಮಿಯಾ ಎಂಬ ಅಜ್ಜಿ 2017ರಲ್ಲಿ, 81ನೇ ವಯಸ್ಸಿಗೆ, ಐಫೋನಿಗೆ ಒಂದು ಆಟವನ್ನೇ ಬರೆದರು. ವಾಟ್ಸಾಪಿನಲ್ಲಿ ಅವರ ಫೋಟೊ ಆಗಾಗ ಬರುತ್ತದೆ, ಕೆಳಗೆ ಕೈಮುಗಿದ ಎಮೋಜಿಗಳ ಸಾಲು. ಇಂಥ ಫಾರ್ವರ್ಡುಗಳೆಂದರೆ ನನಗೆ ಅಷ್ಟಕ್ಕಷ್ಟೆ. ಒಬ್ಬ ಅಜ್ಜಿಯನ್ನು ಹೊಗಳಿದರೆ ನಮ್ಮ ಮನೆಯ ಅಜ್ಜಿಗೆ ಕಲಿಸುವುದು ತಪ್ಪುತ್ತದೆ.

ಒಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು, ಅದನ್ನು ಎತ್ತಿದವರು ನನ್ನ ಗೆಳತಿಯೊಬ್ಬಳು. “ಜನ ಯಾಕೆ ಯಂತ್ರಕ್ಕೆ ಹೊಂದಿಕೊಳ್ಳಬೇಕು? ಎಪ್ಪತ್ತರ ಮನುಷ್ಯ ಕೌಂಟರಿಗೆ ಬಂದರೆ ಅವನಿಗೆ ಕೆಲಸ ಮಾಡಿಕೊಡುವುದು ಬ್ಯಾಂಕಿನ ಧರ್ಮ. ನೀನು ತರಬೇತಿ ತರಬೇತಿ ಅಂತ ಕೂಗಿದರೆ ಕೌಂಟರು ಮುಚ್ಚುವವರಿಗೆ ಅನುಕೂಲ.” ಇದನ್ನು ನಾನು ತಳ್ಳಿಹಾಕಲಾರೆ. ಒಂದು ಶಾಖೆಯ ಬಾಗಿಲಲ್ಲಿ ಕಾವಲುಗಾರನೇ “ಆಪ್ ಮೇ ಕರೋ ಚಾಚಾ” ಎಂದು ಜನರನ್ನು ಹಿಂದೆ ಕಳಿಸುವುದನ್ನು ಕಂಡಿದ್ದೇನೆ. ಕೌಂಟರು ಇರಬೇಕು, ಕಾಗದದ ಪಾಸ್‌ಬುಕ್ಕು ಇರಬೇಕು, ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಮನುಷ್ಯ ಇರಬೇಕು. ಅದಕ್ಕಾಗಿ ಜಗಳವಾಡಬೇಕು. ಆದರೆ ಆ ಜಗಳವನ್ನು ಯಾರು ಆಡುತ್ತಾರೆ? ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದವರು. ‘ಹಣ ಬರಬೇಕಾದರೆ ಪಿನ್ ಬೇಕಿಲ್ಲ, ಹೋಗಬೇಕಾದರೆ ಮಾತ್ರ ಪಿನ್’ ಎಂಬ ಒಂದೇ ಮಾತು ಗೊತ್ತಿದ್ದರೆ ಯುಪಿಐ ವಂಚನೆಗಳಲ್ಲಿ ಒಂದು ದೊಡ್ಡ ಪಾಲು ಅಲ್ಲೇ ಸಾಯುತ್ತದೆ. ಕೌಂಟರು ತೆರೆದಿದ್ದರೂ ಕರೆ ಮನೆಗೇ ಬರುತ್ತದೆ. ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಬೇಕಾಯಿತು. ಓದಿದವರೂ ಅದಕ್ಕೆ ಬಲಿಯಾಗುತ್ತಿದ್ದರು.

ಸಂಘದ ಹಾಲು ಸಿಗದಿದ್ದ ಮೇಲೆ ನಾವು ಡೊಂಬಿವಲಿಯಲ್ಲೇ ಒಬ್ಬರ ಮನೆಯಲ್ಲಿ ಶುರುಮಾಡಿದೆವು. ಭಾನುವಾರ ಸಂಜೆ ಐದರಿಂದ ಆರೂವರೆ. ಮೊದಲ ವಾರ ಬಂದವರು ಮೂರು ಜನ, ಅದರಲ್ಲಿ ಒಬ್ಬರು ಚಹಾಕ್ಕೆ ಬಂದವರು. ಈಗ ಒಂಬತ್ತೋ ಹತ್ತೋ ಜನ ಆಗುತ್ತಾರೆ. ಪಾಠ ಕನ್ನಡದಲ್ಲಿ, ಬೈಗುಳ ತುಳುವಿನಲ್ಲಿ. ನಿಯಮ ಒಂದೇ, ಕಲಿಸುವವರು ಕಲಿಯುವವರ ಫೋನನ್ನು ಮುಟ್ಟಕೂಡದು. ಇದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಎದುರಿನವರ ಬೆರಳು ಸರಿಯಾದ ಗುಂಡಿಯ ಸುತ್ತ ಮೂರು ನಿಮಿಷ ಸುಳಿಯುತ್ತದೆ, ನಿಮ್ಮ ಕೈ ತುರಿಸುತ್ತದೆ, ನೀವು ಕೈಕಟ್ಟಿ ಕೂರಬೇಕು. ನನ್ನ ಜೊತೆ ಕಲಿಸಲು ಬಂದ ಒಬ್ಬ ಹುಡುಗ, ದೊಡ್ಡ ಕಂಪನಿಯಲ್ಲಿ ಟೀಮ್ ಲೀಡ್, ಎರಡನೇ ವಾರಕ್ಕೇ ಬಿಟ್ಟು ಹೋದ. “ತಾಳ್ಮೆ ಇಲ್ಲಕ್ಕಾ” ಅಂದ.

ಕ್ಲಾಸಿಗೆ ಬರುವವರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬರು ಅತ್ತೆ ಇದ್ದಾರೆ. ಅರವತ್ತೆಂಟು ವರ್ಷ. ಗಂಡನ ಕಾರ್ಖಾನೆಯ ಪಿಂಚಣಿ ಎಂದು ಅವರಿಗೆ ತಿಂಗಳಿಗೆ ಬರುವುದು ಚಿಲ್ಲರೆ ಹಣ, ಆದರೂ ಅದು ಅವರದ್ದೇ ಹಣ. ‘ನಾನು ಬದುಕಿದ್ದೇನೆ’ ಎಂದು ವರ್ಷಕ್ಕೊಮ್ಮೆ ತೋರಿಸಲು ರಿಕ್ಷಾ ಹಿಡಿದು, ಸಾಲಲ್ಲಿ ನಿಂತು, ಬೆರಳಚ್ಚು ಕೊಡಬೇಕು. ಪಾತ್ರೆ ಉಜ್ಜಿ ಸವೆದ ಬೆರಳು, ಯಂತ್ರ ಗುರುತು ಹಿಡಿಯುತ್ತಿರಲಿಲ್ಲ. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಈಗ ಮುಖ ತೋರಿಸಿದರೂ ಸಾಕು, ಮನೆಯಲ್ಲೇ ಆಗುತ್ತದೆ. ಅದನ್ನು ಕಲಿಯಲು ಅವರಿಗೆ ಮೂರು ಭಾನುವಾರ ಬೇಕಾಯಿತು. ಕಳೆದ ಸಲ ತಮ್ಮದನ್ನು ತಾವೇ ಮಾಡಿ, ತಮ್ಮ ಬಿಲ್ಡಿಂಗಿನ ಇನ್ನೂ ಮೂವರಿಗೆ ಕಲಿಸಿದ್ದಾರೆ. ಮಾಡಿಕೊಟ್ಟದ್ದಲ್ಲ, ಕಲಿಸಿದ್ದು. ಅದರಲ್ಲಿ ಇಬ್ಬರು ಮರಾಠಿಯವರು.

ಸಂಘಗಳ ಮುಂದೆ ನನ್ನ ಬೇಡಿಕೆ ಇಷ್ಟೆ. ರಾತ್ರಿ ಶಾಲೆಗಳನ್ನು ಮತ್ತೆ ತೆರೆಯಿರಿ, ಈ ಸಲ ವಯಸ್ಸು ಕೇಳಬೇಡಿ. ಹೋಟೆಲಿನ ಹುಡುಗನಿಗೆ ಎಕ್ಸೆಲ್ಲು ಮತ್ತು ಇಮೇಲು, ಕಾಲೇಜಿನವರಿಗೆ ಕನ್ನಡ ಟೈಪಿಂಗು, ಗೃಹಿಣಿಯರಿಗೆ ಬ್ಯಾಂಕು, ಹಿರಿಯರಿಗೆ ಪಿಂಚಣಿ ಮತ್ತು ವಂಚನೆಯ ಪಾಠ. ದೊಡ್ಡ ದೇಣಿಗೆ ಬೇಡ. ಹಾಲಿನ ಒಂದು ಮೂಲೆ, ಒಂದು ವೈಫೈ, ಇಪ್ಪತ್ತು ಕುರ್ಚಿ. ಶಾಲುಗಳಿಗೆ ಕೊಡುವ ದುಡ್ಡಿನ ಕಾಲು ಭಾಗವೂ ಖರ್ಚಾಗದು. ಮೇಷ್ಟ್ರುಗಳು ಬೇಕಾದರೆ ನಾವಿದ್ದೇವೆ, ಅಂದರೆ ಈ ಬರಹ ಓದುತ್ತಿರುವ ನೀವು. ತಿಂಗಳಿಗೆ ಒಂದು ಸಂಜೆ. ಮಾವನ ಮೇಷ್ಟ್ರು ವಾರಕ್ಕೆ ಆರು ಸಂಜೆ ಬರುತ್ತಿದ್ದರು, ಹಗಲಿನ ನೌಕರಿ ಮುಗಿಸಿ, ಲೋಕಲಿನಲ್ಲಿ ನೇತಾಡಿಕೊಂಡು.

ಮಾವ ನಮ್ಮ ಕ್ಲಾಸಿಗೆ ಒಂದು ವರ್ಷ ಬರಲಿಲ್ಲ. ಹಿಂದಿನ ಚೌತಿಯ ಆಮೇಲೆ ಒಂದು ಭಾನುವಾರ ಬಂದು ಕೊನೆಯಲ್ಲಿ ಕೂತರು, ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ಈಗ ಅದರಲ್ಲಿ ಪ್ರತಿ ಪಾಠವನ್ನೂ ನಂಬರು ಹಾಕಿ ಬರೆದುಕೊಳ್ಳುತ್ತಾರೆ, ರಾತ್ರಿ ಶಾಲೆಯ ಅದೇ ಗುಂಡು ಅಕ್ಷರ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ 1930 ಎಂದಿದೆ. ಹೋದ ವಾರ ಅವರು ಮಗಳಿಗೆ ನೂರು ರೂಪಾಯಿ ಕಳಿಸಲು ಕೂತಿದ್ದರು. ಬೆರಳು ನಿಂತಿತು, ನಾನು ಮರೆತು ಕೈ ಚಾಚಿದೆ. ಫೋನನ್ನು ಎದೆಗೆ ಒತ್ತಿಕೊಂಡು, “ನಿಲ್ಲು ಮಾರಾಯ್ತಿ, ನೋಡ್ತಾ ಇದ್ದೇನಲ್ಲ” ಎಂದರು.